ತಿರುಮೂರ್ತಿ ಕಿವಿಯಿಂದ ಮಾಡಿದ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಸೋಮನೂರಿನಿಂದ ಕೊಯಮತ್ತೂರಿಗೆ ಹೊರಟ ಬಸ್ಸಿನಲ್ಲಿ ಗೋಕಿಲಾ ಕಿಟಕಿಯ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಒಂದು ಪೆಟ್ಟಿಗೆ. ಊಟದ ಡಬ್ಬಿಗಿಂತ ಕೊಂಚ ದೊಡ್ಡದು, ಅಷ್ಟೆ. ಆದರೂ ಅವಳು ಅದನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದಿದ್ದ ರೀತಿ ನೋಡಿ ಕಂಡಕ್ಟರು, "ಏನಮ್ಮಾ, ಕೂಸಿಗೂ ಒಂದು ಟಿಕೆಟ್ ಹರಿಯಲಾ?" ಎಂದು ತಮಿಳಿನಲ್ಲಿ ಕೇಳಿದ.

"ಎರಡೇ ವರ್ಷದ ಕೂಸುಂಗೊ, ಟಿಕೆಟ್ ಇಲ್ಲ," ಎಂದಳು ಗೋಕಿಲಾ.

ಕಂಡಕ್ಟರು ಬಾಯಿ ತುಂಬ ನಕ್ಕ. ಸೂಲೂರಿನಲ್ಲಿ ಜನ ನುಗ್ಗಿದಾಗ ತಾನೇ ಬಂದು ಅವಳ ಸೀಟಿಗೆ ಅಡ್ಡ ನಿಂತ. ಸಿಂಗಾನಲ್ಲೂರು ದಾಟುವವರೆಗೆ ಯಾರ ಚೀಲವೂ ಆ ಪೆಟ್ಟಿಗೆಗೆ ತಾಗಲಿಲ್ಲ. ಅದರೊಳಗೇನಿದೆ ಎಂದು ಅವನು ಕೇಳಲೂ ಇಲ್ಲ.

ಅದರೊಳಗಿದ್ದದ್ದು ಒಂದು ಆಂಪ್ಲಿಫೈಯರ್. ಫೋನಿನಲ್ಲಿರುವ ಹಾಡನ್ನು ತಂತಿಯಿಲ್ಲದೆ ಗಾಳಿಯಲ್ಲೇ ಎಳೆದುಕೊಂಡು, ಅದಕ್ಕೆ ಬಲ ತುಂಬಿ ಸ್ಪೀಕರಿಗೆ ಕೊಡುವ ಮನೆ ಬಳಕೆಯ ಪುಟ್ಟ ಯಂತ್ರ. ಅದನ್ನು ಮಾಡಿದವನು ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಿದ್ದ ಗೋಕಿಲಾಳ ಗಂಡ ತಿರುಮೂರ್ತಿ.

ತಿರುಮೂರ್ತಿಯದು ತಲೆತಲಾಂತರದಿಂದ ಈ ಸೀಮೆಯಲ್ಲೇ ನೆಲೆಸಿದ ಕನ್ನಡದವರ ಮನೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್ ಮಗ್ಗಗಳಿದ್ದವು. ಮೂವತ್ತು ವರ್ಷ ಓಡಿದ ಮಗ್ಗಗಳನ್ನು, ನೂಲು ಕೊಟ್ಟು ನೇಯಿಸಿಕೊಳ್ಳುವವರು ಒಬ್ಬೊಬ್ಬರಾಗಿ ದೂರವಾದ ಮೇಲೆ, ಹಳೇ ಕಬ್ಬಿಣದವರು ಲಾರಿಯಲ್ಲಿ ಹೇರಿಕೊಂಡು ಹೋದರು. ಆವತ್ತಿನಿಂದ ಅವನು ಮಾತು ಬಿಟ್ಟ. ಹೊತ್ತು ಹೊತ್ತಿಗೆ ಊಟಕ್ಕೆ ಬರುತ್ತಿದ್ದ, ತಲೆ ಎತ್ತದೆ ಉಂಡು ಖಾಲಿ ಶೆಡ್ಡಿಗೆ ಹೋಗಿ ಕೂರುತ್ತಿದ್ದ. ಮದುವೆ ಮನೆಗಳ ಮೈಕ್ ಸೆಟ್ ರಿಪೇರಿ ಮಾಡುವುದು ಮೊದಲಿನಿಂದ ಅವನಿಗೆ ಗೊತ್ತಿದ್ದ ಕೆಲಸ. ಎಲೆಕ್ಟ್ರಾನಿಕ್ಸ್ ಓದಿ ಆಗಷ್ಟೇ ಕಾಲೇಜು ಮುಗಿಸಿದ್ದ ಮಗಳು ಧರಣಿ ಒಂದು ದಿನ ಲ್ಯಾಪ್‌ಟಾಪ್ ತಂದು ಅವನ ಮುಂದಿಟ್ಟು, "ಅಪ್ಪಾ, ಸುಮ್ಮಾ ಕೂರೋ ಬದ್ಲು ನಾವೇ ಒಂದು ಆಂಪ್ಲಿಫೈಯರ್ ಮಾಡನ," ಎಂದಳು.

ಅಲ್ಲಿಂದ ಎರಡು ವರ್ಷ. ಒಳಗಿನ ಬೋರ್ಡು ಹೊರಗಿನಿಂದ ಬಂತು. ಹೊರಗಿನ ಲೋಹದ ಡಬ್ಬವನ್ನು ಪಂಪ್ ಕೆಲಸದವರೊಬ್ಬರು ಸ್ನೇಹಕ್ಕೆ ಎರಕ ಹೊಯ್ದು ಕೊಟ್ಟರು. ಆದರೆ ನಾದ ಕೂರಿಸಿದ್ದು ತಿರುಮೂರ್ತಿಯ ಕಿವಿ. ಧರಣಿಯ ಲ್ಯಾಪ್‌ಟಾಪಿನಲ್ಲಿ ಒಂದು ಗೆರೆಯಿತ್ತು. ಎಡಗಡೆ ದಪ್ಪ ಸ್ವರ, ಬಲಗಡೆ ತೆಳು ಸ್ವರ. ಗೆರೆಯನ್ನು ಎಲ್ಲಿ ಎತ್ತಿದರೆ ಅಲ್ಲಿಯ ಸ್ವರ ಏರುತ್ತದೆ. ಅಪ್ಪ ಕಣ್ಣು ಮುಚ್ಚಿ ಕೂರುವನು, ಮಗಳು ಗೆರೆ ಎಳೆಯುವಳು.

"ಮೇಲಿಂದು ಇನ್ನೂ ಮಂಕಾಗೇ ಅದೆ ಅಮ್ಮಿಣಿ. ಎತ್ತು."

"ಎತ್ತೀನಪ್ಪಾ."

"ಇನ್ನೂ ಸ್ವಲ್ಪ. ಹಾಂ... ಇನ್ನೂ ಒಂದು ಚೂರು. ಆ ಪಿಟೀಲು ಮೈ ತೊಳ್ಕೊಂಡು ಬರಬೇಕು."

ಕೊನೆಗೊಂದು ದಿನ ಪಿಟೀಲು ಮೈ ತೊಳೆದುಕೊಂಡು ಬಂತು. ಮೂವರಿಗೂ ಹಾಗೆ ಅನಿಸಿತು. ಬೀದಿಯವರೆಲ್ಲ ಬಂದು ಕೇಳಿದರು. ಎದುರುಮನೆಯ ಅಯ್ಯಾಸಾಮಿ, ಅವರೂ ಮಗ್ಗದವರೇ, ತಲೆಯಾಡಿಸಿ, "ಏನಪ್ಪಾ ಮಾಪ್ಳೆ, ಪಳಪಳಾ ಅಂತದಲ್ಲೋ! ಪಟ್ಟಣದ ಕಂಪನಿಯವೆಲ್ಲ ಇದರ ಮುಂದೆ ಕಂಬಳಿ ಹೊದ್ದು ಹಾಡಿದಂಗೆ," ಎಂದರು. ತಿರುಮೂರ್ತಿ ಆವತ್ತು ತಲೆ ಎತ್ತಿ ಊಟ ಮಾಡಿದ. ಎರಡನೇ ಸಲ ಸಾರು ಹಾಕಿಸಿಕೊಂಡ. ಗೋಕಿಲಾಳಿಗೆ ಆ ಪೆಟ್ಟಿಗೆಯಿಂದ ಬೇಕಾದದ್ದು ಅದೊಂದೇ. ಗಂಡನ ತಲೆ ಹಾಗೇ ಎತ್ತಿರಬೇಕು.

ಆರ್.ಎಸ್. ಪುರದ ಕಡೆ ಬಾಲಸುಬ್ರಮಣಿಯನ್ ಎಂಬವರದೊಂದು ಅಂಗಡಿಯಿತ್ತು. ಒಳ್ಳೆಯ ನಾದಕ್ಕೆಂದೇ ಹಟ ಹಿಡಿದು ಬರುವವರ ಅಂಗಡಿ. ಹೊಸಬರ ಮಾಲನ್ನು ಅವರು ಬೇಡವೆನ್ನುತ್ತಿರಲಿಲ್ಲ, ಬಾಯಿಮಾತಿಗೆ ತೆಗೆದುಕೊಳ್ಳುತ್ತಲೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಮೂವರು ಕೇಳುಗರನ್ನು ಕೂರಿಸುವರು. ಪರದೆಯ ಹಿಂದೆ ಮೂರು ಪೆಟ್ಟಿಗೆ. ಯಾವುದು ಯಾರದೆಂದು ಯಾರಿಗೂ ಹೇಳುವುದಿಲ್ಲ. ಒಂದೇ ಹಾಡನ್ನು ಮೂರರಲ್ಲೂ ನುಡಿಸಿ, ಚೀಟಿಯಲ್ಲಿ ಹತ್ತಕ್ಕೆ ಇಷ್ಟೆಂದು ಬರೆಸುವರು. ಒಪ್ಪಿಗೆಯಾದರೆ ಮಾಡಿದವನ ಹೆಸರಿನಲ್ಲೇ ಅಂಗಡಿಯಲ್ಲಿಡುವರು. ಡಬ್ಬದ ಮುಂದೆ 'ತಿರುಮೂರ್ತಿ' ಎಂದು ತಮಿಳಿನಲ್ಲಿ ಕೆತ್ತಿಸಲು ಧರಣಿ ಆಗಲೇ ಜಾಗ ಬಿಟ್ಟಿದ್ದಳು.

*

ಅಂಗಡಿಯ ಮಹಡಿಯ ಕೋಣೆಯಲ್ಲಿ ನೆಲಕ್ಕೆ ಜಮಖಾನೆ, ಗೋಡೆಗೆ ದಪ್ಪ ಬಟ್ಟೆ. ಬಾಲಸುಬ್ರಮಣಿಯನ್ ಅವರೇ ಎದ್ದು ಬಂದು ಗೋಕಿಲಾಳ ಕೈಯಿಂದ ಪೆಟ್ಟಿಗೆ ಇಸಿದುಕೊಂಡರು. ಟವೆಲ್ಲನ್ನು ಮಡಿಸಿ, "ಇದು ಜೋಪಾನವಾಗಿರಲಿ ತಾಯಿ," ಎಂದು ತಿರುಗಿ ಕೊಟ್ಟರು. ಕೇಳುಗರ ಕುರ್ಚಿಗಳಿಗೆ ಅಡ್ಡಲಾಗಿ, ಪಕ್ಕದ ಗೋಡೆಗೆ ಒರಗಿಸಿ ಹಾಕಿದ್ದ ಬೆಂಚಿನ ಮೇಲೆ ಇವರು ಮೂವರೂ ಕೂತರು. ಏನೂ ಮಾತಾಡಬಾರದೆಂದು ಹೇಳಿದ್ದರು.

ಮೊದಲ ಕುರ್ಚಿಯಲ್ಲಿ ಪೋತ್ತನೂರಿನ ನಂಜುಂಡನ್. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬಿಳಿ ಮೀಸೆ, ಜೇಬಿನಲ್ಲಿ ಮೂರು ಪೆನ್ನು. ಎರಡನೆಯವನು ಯಶ್ವಂತ್, ಕರ್ನಾಟಕದಿಂದ ಬಂದು ಮೋಟಾರು ಕಾರ್ಖಾನೆಯಲ್ಲಿ ಸದ್ದು ಅಳೆಯುವ ಎಂಜಿನಿಯರು. ಮೂರನೆಯವಳು ಅವನ ಆಫೀಸಿನ, ಅವನ ಸೀಮೆಯವಳೇ ಆದ ಮೇರಿ. ಚರ್ಚಿನಲ್ಲಿ ಹಾಡುತ್ತಾಳಂತೆ. ನಲವತ್ತರ ಹೆಂಗಸು, ಕಿವಿಯಲ್ಲಿ ಒಂಟಿ ಮುತ್ತು.

ಮೊದಲನೆಯ ಪೆಟ್ಟಿಗೆ ನುಡಿಯಿತು. ಗೋಕಿಲಾಳಿಗೆ ಅದು ಮಂಕು ಅನಿಸಿತು. ಅಯ್ಯಾಸಾಮಿ ಹೇಳಿದ ಕಂಬಳಿ ನೆನಪಾಗಿ ನಗು ಬಂತು. ಎರಡನೆಯದು ಶುರುವಾದ ಗಳಿಗೆಯಲ್ಲೇ ಅವಳಿಗೆ ಗೊತ್ತಾಯಿತು, ತಮ್ಮದೇ. ಪಿಟೀಲು ಬೆಳ್ಳಗೆ ಬೆಳಗಿತು. ಹಾಡುವವಳ ಉಸಿರು ಕೂಡ ಕೇಳಿಸಿತು. ತಿರುಮೂರ್ತಿ ಬೆಂಚಿನ ಮೇಲೆ ಹೆಂಡತಿಯ ಕೈಯನ್ನು ಒಮ್ಮೆ ಒತ್ತಿದ. ನಂಜುಂಡನ್ ಮೀಸೆಯಡಿ ನಗುತ್ತ ತಲೆದೂಗುತ್ತಿದ್ದರು.

ಗೋಕಿಲಾ ಮೇರಿಯತ್ತ ನೋಡಿದಳು. ಮೇರಿ ಮುತ್ತಿನ ಓಲೆ ಸರಿಪಡಿಸುವವಳಂತೆ ಬೆರಳೆತ್ತಿ ಕಿವಿ ಮುಚ್ಚಿಕೊಂಡಿದ್ದಳು. ಆಮೇಲೆ ಯಶ್ವಂತನ ಕಡೆ ಬಾಗಿ ತುಟಿಯಲ್ಲೇ ಏನೋ ಅಂದಳು.

ಮಗ್ಗದ ಶೆಡ್ಡಿನಲ್ಲಿ ಬಾಳಿದವರಿಗೆ ತುಟಿ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಎಂಟು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಾಗ ಪಕ್ಕದಲ್ಲಿ ಗುಂಡು ಹಾರಿಸಿದರೂ ಕೇಳಿಸದು. ಎಳೆ ಹರಿದದ್ದಕ್ಕೊಂದು ಸನ್ನೆ, ಊಟಕ್ಕೊಂದು ಸನ್ನೆ, ಮಿಕ್ಕಿದ್ದೆಲ್ಲ ತುಟಿ. ಕನ್ನಡದ ಒಂದಕ್ಷರವನ್ನೂ ಓದಲು ಬಾರದ ಗೋಕಿಲಾ ಕನ್ನಡದ ತುಟಿಯನ್ನು ಹತ್ತು ಮಾರಾಚೆಯಿಂದ ಓದಬಲ್ಲಳು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಇನ್ನಾರೂ ಇಲ್ಲವೆಂದು ತಿಳಿದಿದ್ದ ಮೇರಿ ಅಂದದ್ದು ಇಷ್ಟು: "ಅಬ್ಬಾ, ಕಿವಿಗೆ ಸೂಜಿ ಹಾಕಿದ ಹಾಗಿದೆ. ಪಾಪ, ಯಾರು ಮಾಡಿದ್ದೋ."

ಸೂಜಿಗಿಂತ ಆ 'ಪಾಪ' ಎಂಬ ಮಾತು ಗೋಕಿಲಾಳನ್ನು ಹೆಚ್ಚು ಚುಚ್ಚಿತು. ಅವಳು ಗಂಡನ ಕಡೆ ನೋಡಲಿಲ್ಲ. ಅವನು ಕಣ್ಣು ಮುಚ್ಚಿ ತನ್ನ ಪಿಟೀಲನ್ನು ಕೇಳುತ್ತಿದ್ದ.

ಚೀಟಿಗಳನ್ನು ತೆಗೆದು ನೋಡಿದ ಬಾಲಸುಬ್ರಮಣಿಯನ್ ಹಣೆ ಉಜ್ಜಿಕೊಂಡರು. ಎರಡನೆಯ ಪೆಟ್ಟಿಗೆಗೆ ಒಬ್ಬರು ಹತ್ತಕ್ಕೆ ಹತ್ತು ಕೊಟ್ಟಿದ್ದರು. ಇನ್ನಿಬ್ಬರಲ್ಲಿ ಒಬ್ಬರು ಮೂರು, ಒಬ್ಬರು ಎರಡು.

"ಬಲ ಚೆನ್ನಾಗಿದೆ, ಕೆಳಸ್ವರ ಬಹಳ ಚೆನ್ನಾಗಿದೆ," ಎಂದರು ಅವರು ನಿಧಾನವಾಗಿ ತಮಿಳಿನಲ್ಲಿ. "ಮೇಲಿನದು ಮಾತ್ರ ಸ್ವಲ್ಪ ಹೆಚ್ಚಾಯಿತೇನೋ ತಿರುಮೂರ್ತಿ. ಇಳಿಸಿಕೊಂಡು ಬನ್ನಿ, ಇನ್ನೊಂದು ಭಾನುವಾರ ಕೇಳೋಣ."

ತಿರುಮೂರ್ತಿ ಎದ್ದು ನಿಂತು ತಮಿಳಿನಲ್ಲೇ ಅಂದ. "ಹೆಚ್ಚೇನುಂಗೊ? ಇರೋದು ಇದ್ದಂಗೆ ಕೇಳ್ತದೆ. ನಿಮ್ಮ ಒಂದನೇದು, ಮೂರನೇದು ಎರಡೂ ಕಂಪನಿಯವು. ಅವು ಮೂಗು ಹಿಡಿದು ಹಾಡಿದವು."

"ನಾನೂ ಅದನ್ನೇ ಹೇಳೋದು!" ಎಂದರು ನಂಜುಂಡನ್. "ನನ್ನ ಹತ್ತು ಅದಕ್ಕೇ. ಈ ಕಾಲದವರಿಗೆ ಮಂಕಾಗಿದ್ದರೇ ಇಷ್ಟ."

ಯಶ್ವಂತ್ ಇಬ್ಬರನ್ನೂ ಒಂದು ಗಳಿಗೆ ನೋಡಿದ. "ಸಾರ್, ನೀವು ರೈಲ್ವೆಯಲ್ಲಿ ಏನು ಕೆಲಸ ಮಾಡ್ತಿದ್ರಿ?" ಎಂದು ನಂಜುಂಡನ್ ಅವರನ್ನು ಹರಕು ತಮಿಳಿನಲ್ಲಿ ಕೇಳಿದ.

"ಮೂವತ್ತೊಂದು ವರ್ಷ ತಗಡು ಬಡಿದೆನಪ್ಪಾ. ಯಾಕೆ?"

"ನೀವು ಸಾರ್?"

"ಮಗ್ಗ," ಎಂದ ತಿರುಮೂರ್ತಿ.

ಯಶ್ವಂತ್ ತನ್ನ ಫೋನು ಕೈಗೆತ್ತಿಕೊಂಡ. ಮುಂದಿನ ಮಾತನ್ನು ಹೇಳದೆಯೇ ಬಿಡಬಹುದಿತ್ತೆಂದು ಆಮೇಲೆ ಅವನಿಗೇ ಅನಿಸಿರಬೇಕು. "ಒಂದು ಆಟ ಆಡೋಣ್ವಾ?" ಎಂದ. "ಮೂರನೇ ಪೆಟ್ಟಿಗೆಯಲ್ಲಿ ಬರೀ ಒಂದು ಸ್ವರ ಬರುತ್ತೆ, ಮೇಲಕ್ಕೆ ಏರ್ತಾ ಹೋಗುತ್ತೆ. ಎಲ್ಲರೂ ಕೈ ಎತ್ತಿ. ಕೇಳಿಸೋದು ನಿಂತಾಗ ಇಳಿಸಿ. ಸೋತವರು ಕಾಫಿ ಕೊಡಿಸಬೇಕು."

"ನನ್ನ ಮನೇವ್ರೂ ಮಗಳೂ ಸೇರ್ಲಿ," ಎಂದ ತಿರುಮೂರ್ತಿ ತಮಿಳಿನಲ್ಲೇ, ಹಟದಿಂದ. "ನೋಡೇ ಬಿಡನ."

ಎಲ್ಲರೂ ಕೈ ಎತ್ತಿದರು. ಪರದೆಯ ಹಿಂದೆ ಪೆಟ್ಟಿಗೆಗಳ ಬಳಿಯಿದ್ದ ಬಾಲಸುಬ್ರಮಣಿಯನ್, "ನಾನೂ ಇದ್ದೇನಪ್ಪಾ," ಎಂದರು. ಪರದೆಯ ಮೇಲಂಚಿನಲ್ಲಿ ಅವರ ಬೆರಳುಗಳಷ್ಟೇ ಕಾಣುತ್ತಿದ್ದವು.

ಸ್ವರ ಎಮ್ಮೆ ಕೂಗಿದಂತೆ ಶುರುವಾಯಿತು. ಕೊಳಲಾಯಿತು. ಪೀಪಿಯಾಯಿತು. ಅನ್ನದ ಕುಕ್ಕರು ಸೀಟಿ ಹಾಕುವ ಮೊದಲಿನ ಸಣ್ಣ ಎಳೆಯಾಯಿತು. ನಂಜುಂಡನ್ ಕೈ ಇಳಿಸಿದರು. ಎಳೆ ಇನ್ನೂ ಸಣ್ಣಗಾಯಿತು. ತಿರುಮೂರ್ತಿ ಕೊರಳು ಮುಂದಕ್ಕೆ ಚಾಚಿದ. ಹಣೆಯ ನರ ಉಬ್ಬಿತು. ಅವನ ಕೈ ಕೆಳಗೆ ಬಂತು. ಅದರ ಹಿಂದೆಯೇ ಗೋಕಿಲಾಳ ಪಾಲಿಗೂ ಸ್ವರ ನಿಂತಿತು. ನಿಂತಿತು ಅನ್ನುವುದಕ್ಕಿಂತ, ಬಾಗಿಲು ದಾಟಿ ಹೋದವರ ಹೆಜ್ಜೆಯ ಹಾಗೆ ಇಲ್ಲವಾಯಿತು. ಅವಳೂ ಇಳಿಸಿದಳು.

ಧರಣಿಯ ಕೈ ಮೇಲಿತ್ತು. 'ಚಿಕ್ಕವಳು,' ಎಂದು ಗೋಕಿಲಾ ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಅದೂ ಇಳಿಯಿತು. ಆಗಲೇ ಮೇರಿಯೂ ತನ್ನ ಕೈ ಇಳಿಸಿ, ಧರಣಿಯನ್ನು ನೋಡಿ ನಕ್ಕಳು: ನಾವಿಬ್ಬರೂ ಒಟ್ಟಿಗೇ ಸೋತೆವು ಅನ್ನುವ ಹಾಗೆ. ಯಶ್ವಂತ್ ಅವಳ ಮುಖ ನೋಡಿ ತನ್ನದನ್ನೂ ಇಳಿಸಿದ.

ಆದರೆ ಮೇರಿಯ ಹುಬ್ಬು ಇನ್ನೂ ಗಂಟಿಕ್ಕಿತ್ತು. ಅವಳಿಗೆ ಕೇಳಿಸುತ್ತಿದೆಯೆಂದು ಗೋಕಿಲಾಳಿಗೆ ತಿಳಿಯಿತು. ಈ ಗುರುತಿಲ್ಲದ ಹೆಂಗಸು ತನ್ನ ಮಗಳಿಗಾಗಿ ಕೈ ಇಳಿಸಿದ್ದಾಳೆ. ಆ ಉಪಕಾರಕ್ಕೆ ಅವಳಿಗೆ ಕೈಮುಗಿಯಬೇಕೆನಿಸಿತು.

ಆಗ ತಿರುಮೂರ್ತಿ ಪರದೆಯ ಕಡೆ ನೋಡಿದ. ಎಲ್ಲರೂ ನೋಡಿದರು. ಈಚೆ ನಡೆದದ್ದೇನನ್ನೂ ಕಾಣದ ಬಾಲಸುಬ್ರಮಣಿಯನ್ ಅವರ ಬೆರಳುಗಳು ಪರದೆಯ ಮೇಲೆ ಹಾಗೇ ನಿಂತಿದ್ದವು. ಅರವತ್ತು ದಾಟಿದವರ ಕೈ. ಕೋಣೆಯಲ್ಲಿ ಇರುವೆ ಹರಿದರೂ ಕೇಳಿಸುವಷ್ಟು ಮೌನ ಎಂದು ಗೋಕಿಲಾಳಿಗೆ ತೋರುತ್ತಿತ್ತು, ಆ ಮೌನದಲ್ಲಿ ಆ ಕೈ ಇಳಿಯಲೇ ಇಲ್ಲ. ಬಹಳ ಹೊತ್ತಾದ ಮೇಲೆ ಒಂದೊಂದೇ ಬೆರಳು ಮಡಿಸಿಕೊಂಡು ಕೆಳಗೆ ಹೋಯಿತು.

"ಗೆದ್ದವರು ಯಾರು?" ಎಂದು ನಗುತ್ತ ಹೊರಗೆ ಬಂದ ಅವರು ಎಲ್ಲರ ಮುಖ ನೋಡಿ ನಿಂತುಬಿಟ್ಟರು.

"ಇಲ್ಲ, ಈ ಸ್ಪೀಕರ್ ಸರಿಯಿಲ್ಲ ಸಾರ್," ಎಂದ ಯಶ್ವಂತ್ ಅವಸರದಲ್ಲಿ. "ಇದನ್ನ ಲೆಕ್ಕಕ್ಕೆ ಇಡಬಾರದು."

"ಬಿಡ್ರಿ ಸಾರ್," ಎಂದ ತಿರುಮೂರ್ತಿ. ಅವನು ಕನ್ನಡದಲ್ಲಿ ಅಂದದ್ದು ಕೇಳಿ ಮೇರಿ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ತನ್ನ ಪಿಸುಮಾತು ನೆನಪಾಗಿರಬೇಕು. ಗೋಕಿಲಾ ಅವಳ ಬಳಿ ಹೋಗಿ, "ನಿಮ್ಮ ಮನಸ್ಸು ದೊಡ್ಡದು ಕಣಮ್ಮಾ. ನೋಡಿದೆ," ಎಂದಷ್ಟೇ ಹೇಳಿದಳು. ಯಾವುದನ್ನು ನೋಡಿದಳೆಂದು ಮೇರಿ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಹಿಡಿದ ಗೋಕಿಲಾಳ ಮೊಳಕೈ ಬಿಡದೆ ಬಸ್‌ಸ್ಟಾಪಿನವರೆಗೆ ಬಂದಳು.

*

ತಿರುಗಿ ಬರುವ ಬಸ್ಸಿನಲ್ಲಿ ಪೆಟ್ಟಿಗೆ ತಿರುಮೂರ್ತಿಯ ಕಾಲ ಬಳಿ ನೆಲದ ಮೇಲಿತ್ತು. ಗೋಕಿಲಾ ಮಗಳ ಪಕ್ಕ ಕೂತು ಅವಳ ಕಿವಿ ನೋಡುತ್ತಿದ್ದಳು. ಸಣ್ಣ ಕಿವಿ, ಹುಟ್ಟಿದಾಗ ಎಲ್ಲರೂ ಹೊಗಳಿದ ಕಿವಿ.

ಗೋಕಿಲಾ ಹುಟ್ಟಿದ್ದು ಭವಾನಿ ಹೊಳೆಯ ದಡದ ಸಿರುಮುಗೈಯಲ್ಲಿ. ಅಪ್ಪನದು ರೇಷ್ಮೆ ಸೀರೆಯ ಕೈಮಗ್ಗ. ಅದರ ಸದ್ದಿನಲ್ಲಿ ಮಾತಾಡಬಹುದು, ಹಾಡಬಹುದು. ಮದುವೆಯಾಗಿ ಸೋಮನೂರಿಗೆ ಬಂದ ಮೊದಲ ದಿನ ಎಂಟು ಪವರ್‌ಲೂಮು ಒಟ್ಟಿಗೆ ಎದ್ದಾಗ ಅವಳು ಗೋಡೆ ಹಿಡಿದು ನಿಂತಿದ್ದಳು. ಅತ್ತೆ ಅಂಗಮ್ಮ ಅದನ್ನು ಕಂಡು, ಬಾಯಿಮಾತಿಲ್ಲದೆ, ಕಸದ ನೂಲನ್ನು ಬೆರಳಲ್ಲಿ ಮೆತ್ತಗೆ ಉಂಡೆ ಮಾಡಿ ಸೊಸೆಯ ಎರಡು ಕಿವಿಗೂ ಇಟ್ಟರು. ಹತ್ತು ದಿನ ಹಾಗೆ ಇಟ್ಟರು. ಆಮೇಲೆ ಅಭ್ಯಾಸವಾಯಿತು, ಬೇಡವಾಯಿತು.

ಧರಣಿ ಹುಟ್ಟಿದ ಐದನೆಯ ತಿಂಗಳಿಗೆ ಗೋಕಿಲಾ ಮಗ್ಗಕ್ಕೆ ಇಳಿದಳು. ಕೂಸನ್ನು ಯಾರ ಹತ್ತಿರ ಬಿಡುವುದು? ನಾಲ್ಕನೇ ಮಗ್ಗಕ್ಕೂ ಐದನೇ ಮಗ್ಗಕ್ಕೂ ನಡುವೆ ಜಂತೆಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದಳು. ಆ ಬೀದಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮಗ್ಗ ಓಡುವಾಗ ಕೂಸು ನಿದ್ದೆ ಮಾಡುತ್ತಿತ್ತು, ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತಿತ್ತು. "ಮಗ್ಗವೇ ಇದಕ್ಕೆ ಲಾಲಿ ಕಣೇ," ಎಂದು ಎಲ್ಲರೂ ನಗುತ್ತಿದ್ದರು. ಗೋಕಿಲಾಳೂ ಆ ಮಾತನ್ನು ಎಷ್ಟು ಜನಕ್ಕೆ ಹೆಮ್ಮೆಯಿಂದ ಹೇಳಿದ್ದಳೋ. ಮದುಮಗಳ ಕಿವಿಗೆ ನೂಲಿಟ್ಟ ಅಂಗಮ್ಮನಿಗಾಗಲಿ, ಹೆತ್ತ ತಾಯಿಗಾಗಲಿ, ಆ ಪುಟ್ಟ ಕಿವಿಗೂ ಒಂದು ಎಳೆ ಇಡಬೇಕೆಂದು ಒಂದು ದಿನವೂ ತೋಚಲಿಲ್ಲ.

"ಯಾಕಮ್ಮಾ ಹಂಗೆ ನೋಡ್ತೀಯಾ?" ಎಂದಳು ಧರಣಿ.

"ಏನಿಲ್ಲ ಕಣ್ಣು."

*

ಆ ವಾರವೇ ಅವಿನಾಶಿ ರಸ್ತೆಯ ಒಂದು ಆಸ್ಪತ್ರೆಗೆ ಹೋದರು. ಗಾಜಿನ ಗೂಡಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕಿವಿ ಪರೀಕ್ಷೆ ಮಾಡಿದರು. ಪರೀಕ್ಷೆ ಮಾಡುವ ನರ್ಸು ಒಳ್ಳೆಯವಳು. ಗೋಕಿಲಾ ಗೂಡಿನಲ್ಲಿ ಹೆದರಿ ಕೂತದ್ದು ಕಂಡು, ಗಾಜಿನಾಚೆಯಿಂದ ಪ್ರತಿ ಸಲವೂ ತಲೆಯಾಡಿಸಿ ಧೈರ್ಯ ಹೇಳುತ್ತಿದ್ದಳು. ಡಾಕ್ಟರು ಮೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರರಲ್ಲೂ ಗೆರೆ ಎಡದಿಂದ ನೆಟ್ಟಗೆ ಬಂದು, ಬಲಕ್ಕೆ ಹೋದಂತೆ ಕೆಳಕ್ಕೆ ಬೀಳುತ್ತಿತ್ತು. ಅಪ್ಪನದು ಬಾವಿಗೆ ಬಿದ್ದ ಹಾಗೆ, ಅಮ್ಮನದು ಅದರ ಜೊತೆಗೆ, ಮಗಳದು ಸ್ವಲ್ಪ ಹಿಂದೆ.

"ಮಾತು ಕೇಳಿಸುತ್ತದೆ, ಅದಕ್ಕೇ ನಿಮಗೆ ಗೊತ್ತಾಗಿಲ್ಲ," ಎಂದರು ಡಾಕ್ಟರು. "ಹೋದದ್ದು ಬರುವುದಿಲ್ಲ. ಜೋರು ಸದ್ದಿನಿಂದ ದೂರವಿದ್ದು ಇದ್ದದ್ದನ್ನು ಉಳಿಸಿಕೊಳ್ಳಬೇಕು."

"ಇವಳಿಗೆ ಇಪ್ಪತ್ತಮೂರುಂಗೊ," ಎಂದಳು ಗೋಕಿಲಾ, ವಯಸ್ಸು ಹೇಳಿದರೆ ಅವರು ಮಾತು ಬದಲಾಯಿಸಿಯಾರು ಎಂಬಂತೆ.

ಡಾಕ್ಟರು ಹಾಳೆ ನೋಡುತ್ತ ತಲೆ ತಗ್ಗಿಸಿದರು. ಅದೂ ಒಂದು ಕರುಣೆಯೇ, ಆದರೆ ಅದರಿಂದ ಏನೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಧರಣಿ ಅಪ್ಪನ ಹಾಳೆಯನ್ನು ಲ್ಯಾಪ್‌ಟಾಪಿಗೆ ಹಾಕಿ, ಎರಡು ವರ್ಷ ತಾವು ಎತ್ತಿ ಎತ್ತಿ ಕೂರಿಸಿದ ಗೆರೆಯನ್ನು ಅದರ ಮೇಲಿಟ್ಟಳು. ಒಂದು ಎಲ್ಲಿ ಬೀಳುತ್ತಿತ್ತೋ ಇನ್ನೊಂದು ಅಲ್ಲೇ ಏರುತ್ತಿತ್ತು. ಕೆರೆಯ ನೀರಿನಲ್ಲಿ ಗೋಪುರ ತಲೆಕೆಳಗಾಗಿ ಕಂಡ ಹಾಗೆ.

ತಿರುಮೂರ್ತಿ ಒಂದು ಗೆರೆಯ ಮೇಲೆ ಬೆರಳು ಎಳೆದ, ಆಮೇಲೆ ಇನ್ನೊಂದರ ಮೇಲೆ.

"ನನಗೆ ಎಷ್ಟು ಹೋಗ್ಯದೋ ಅಷ್ಟನ್ನೂ ಅದರೊಳಕ್ಕೆ ಸುರಿದಿದ್ದೀನಿ," ಎಂದ. "ತಪ್ಪಿಲ್ಲದಂಗೆ ಅಳೆದು ಸುರಿದಿದ್ದೀನಿ ನೋಡು. ಒಂದು ಚೂರು ಅತ್ತಿತ್ತ ಇಲ್ಲ."

"ನಾನಾದ್ರೂ ಹೇಳಬೇಕಿತ್ತಪ್ಪಾ."

"ನೀನು ಹೆಂಗೆ ಹೇಳ್ತೀಯಾ ಅಮ್ಮಿಣಿ? ನಿನಗೂ ಸರಿ ಅಂತಲೇ ಕೇಳ್ತಿತ್ತಲ್ಲ."

ಆ ಮಾತು ಹೇಳಿದ ಮೇಲೆ ಅದರ ಅರ್ಥ ಅವನಿಗೆ ತಟ್ಟಿತು. ಎದ್ದು ಶೆಡ್ಡಿಗೆ ಹೋದ. ಗೋಕಿಲಾ ಹಿಂದೆ ಹೋಗಿ ನೋಡಿದಳು. ನಾಲ್ಕನೇ ಮಗ್ಗವಿದ್ದ ಜಾಗದಲ್ಲಿ ನೆಲಕ್ಕೆ ಇಳಿದ ಬೋಲ್ಟುಗಳು ಇನ್ನೂ ಇದ್ದವು. ಅವನು ಅಲ್ಲಿ ಕೂತು ಮೇಲೆ ಜಂತೆ ನೋಡುತ್ತಿದ್ದ. ಅವನೂ ಅಲ್ಲಿಗೇ ಬಂದು ತಲುಪಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. "ನೀನು ಇಲ್ಲಿ ತೊಟ್ಟಿಲು ಕಟ್ಟಿದೆ" ಎಂದು ಅವನು ಒಂದು ಸಲ ಅಂದಿದ್ದರೂ ಸಾಕಿತ್ತು, ಅವಳು ಅತ್ತು ಹಗುರಾಗುತ್ತಿದ್ದಳು. ಅವನು ಅನ್ನಲಿಲ್ಲ. ಆಮೇಲೂ ಯಾವತ್ತೂ ಅನ್ನಲಿಲ್ಲ.

*

ಮುಂದಿನ ಭಾನುವಾರ ಯಶ್ವಂತ್ ತಾನಾಗಿಯೇ ಬಂದ, ಮೇರಿಯನ್ನೂ ಕರೆದುಕೊಂಡು. ಪೋತ್ತನೂರಿನ ತನ್ನ ರೂಮಿನಿಂದ ಎರಡು ಬಸ್ಸು ಹಿಡಿದು, ಬೆನ್ನ ಮೇಲೆ ಸದ್ದು ಅಳೆಯುವ ಮೈಕು ಹೊತ್ತುಕೊಂಡು ಬಂದಿದ್ದ.

"ಒಳಗಡೆ ಕೆಲಸ ಬಹಳ ಚೆನ್ನಾಗಿದೆ ಸಾರ್," ಎಂದ, ಡಬ್ಬ ಬಿಚ್ಚಿ ನೋಡಿ. "ಇಷ್ಟು ಸಣ್ಣದರಲ್ಲಿ ಇಷ್ಟು ನಿಶ್ಶಬ್ದ ನಾನು ನೋಡಿಲ್ಲ. ಗೆರೆಯೊಂದು ಸಮ ಮಾಡಿದರೆ ಆಯ್ತು."

"ಮಾಡಪ್ಪಾ," ಎಂದ ತಿರುಮೂರ್ತಿ. "ನೀನೇ ಮಾಡು. ನಾನು ಸುಮ್ಮಾ ಇರ್ತೀನಿ."

ಮಧ್ಯಾಹ್ನದವರೆಗೆ ಯಶ್ವಂತ್ ಮೈಕು ಇಟ್ಟು ಗೆರೆ ಇಳಿಸಿದ. ಧರಣಿ ಎರಡು ವರ್ಷದಲ್ಲಿ ಎತ್ತಿದ್ದೆಲ್ಲ ಊಟದ ಹೊತ್ತಿಗೆ ನೆಲಕ್ಕೆ ಬಂತು. ಮೇರಿ ಜಮಖಾನೆಯ ಮೇಲೆ ಕಾಲು ಮಡಿಸಿ ಕೂತು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಚ್ಚಿಕೊಂಡಿತು. ಕಣ್ಣಂಚಿನಲ್ಲಿ ನೀರು ನಿಂತಿತು.

"ಅಮ್ಮಾ, ಎಷ್ಟು ಚೆನ್ನಾಗಿದೆ ಅಂದ್ರೆ..." ಎಂದು ಶುರುಮಾಡಿದವಳು ಅಲ್ಲಿ ಕೂತಿದ್ದ ಮೂವರನ್ನೂ ನೋಡಿ ನಿಲ್ಲಿಸಿದಳು.

"ಹೇಳಿ ಕಣಮ್ಮಾ," ಎಂದಳು ಗೋಕಿಲಾ. "ಏನು ಅದೆ ಅಲ್ಲಿ, ಮೇಲೆ? ಹೆಂಗದೆ?"

ಮೇರಿ ಸೆರಗಿನಂಚು ಮಡಿಸಿದಳು, ಬಿಚ್ಚಿದಳು. "ಅಂಥದ್ದೇನಿಲ್ಲಮ್ಮಾ. ಸ್ವಲ್ಪ ಗಾಳಿ. ಅಷ್ಟೆ."

ಗೋಕಿಲಾ ತಲೆಯಾಡಿಸಿ, ಊಟಕ್ಕೆ ಕೂತಾಗ ಅವಳಿಗೆ ಒಂದು ಹಿಡಿ ಅನ್ನ ಹೆಚ್ಚಿಗೆ ಬಡಿಸಿದಳು.

ಪೆಟ್ಟಿಗೆಯನ್ನು ಬಾಲಸುಬ್ರಮಣಿಯನ್ ಒಪ್ಪಿದರು. ಆ ಸಲದ ಚೀಟಿಗಳಲ್ಲಿ ಎರಡು ಒಂಬತ್ತಿದ್ದವು. ನಂಜುಂಡನ್ ನಾಲ್ಕು ಕೊಟ್ಟು, ಮೀಸೆ ಕಚ್ಚಿಕೊಂಡು, ತಿರುಮೂರ್ತಿಯ ಬೆನ್ನ ಮೇಲೆ ಕೈಯಿಟ್ಟರು. "ನನ್ನ ನಾಲ್ಕು ಲೆಕ್ಕಕ್ಕಿಲ್ಲವಪ್ಪಾ. ಆದರೂ ನಿನ್ನ ಹಳೆಯದೇ ಚೆನ್ನಾಗಿತ್ತು," ಎಂದರು. ಡಬ್ಬದ ಮುಂದೆ ಹೆಸರು ಕೆತ್ತಿಸಲು ಬಾಲಸುಬ್ರಮಣಿಯನ್ ತಾವೇ ಕಳಿಸಿಕೊಟ್ಟರು. ಹತ್ತು ಪೆಟ್ಟಿಗೆ ಮಾಡಿ ಕೊಡಿ ಎಂದರು.

ತಿರುಮೂರ್ತಿ ಮಾಡಿದ. ಒಂದೊಂದನ್ನೂ ಮುಗಿಸಿ, ಮೈಕಿನ ಮುಂದೆ ಇಟ್ಟು, ಲ್ಯಾಪ್‌ಟಾಪಿನಲ್ಲಿ ಗೆರೆ ನೆಟ್ಟಗಿದೆಯೇ ಎಂದು ನೋಡಿ ಡಬ್ಬಿಗೆ ಹಾಕಿದ. ಒಂದರಲ್ಲೂ ಹಾಡು ಹಾಕಲಿಲ್ಲ. ಊಟಕ್ಕೆ ಬಂದಾಗ ತಲೆ ತಗ್ಗಿಸಿಯೇ ಉಣ್ಣುತ್ತಿದ್ದ. ಎದುರುಮನೆಯ ಅಯ್ಯಾಸಾಮಿ ಒಂದು ದಿನ ಬಂದು, "ಎಲ್ಲೋ ಮಾಪ್ಳೆ, ಆ ಪಳಪಳ ಹಾಕೋ," ಎಂದರು. "ರಿಪೇರಿಗೆ ಹೋಗ್ಯದೆ ಮಾವಾ," ಎಂದಳು ಧರಣಿ.

ಹತ್ತನೆಯದು ಮುಗಿದ ದಿನ ಸಂಜೆ ನಾಲ್ಕರ ಹೊತ್ತಿಗೆ ಅವನೇ ಹೆಂಡತಿಯನ್ನೂ ಮಗಳನ್ನೂ ಶೆಡ್ಡಿಗೆ ಕರೆದ.

"ಒಂದು ಸಲ ಕೇಳನ," ಎಂದ. "ಊರೋರೆಲ್ಲ ಕೇಳ್ತಾರೆ. ನಾವು ಮಾಡಿದ್ದು, ನಾವೂ ಕೇಳಬೇಕಲ್ಲ."

ಮೇರಿ ತನ್ನ ಚರ್ಚಿನ ಹಾಡೊಂದನ್ನು ಧರಣಿಯ ಫೋನಿಗೆ ಕಳಿಸಿದ್ದಳು, ಚರ್ಚಿನವರೇ ಹಾಡಿ ರೆಕಾರ್ಡು ಮಾಡಿದ್ದು. ಧರಣಿ ಅದನ್ನು ಹಾಕಿದಳು. ಹೆಂಗಸರ ದನಿ ಬಂತು, ಗಂಡಸರ ದನಿ ಅದರಡಿ ಸೇರಿತು. ಬಾಗಿಲು ಮುಚ್ಚಿದ ಕೋಣೆಯೊಳಗೆ ಯಾರೋ ಹಾಡುತ್ತಿರುವ ಹಾಗೆ, ಇವರು ಹೊರಗೆ ನಿಂತು ಕೇಳುವ ಹಾಗೆ.

"ಚೆನ್ನಾಗದೆ," ಎಂದಳು ಗೋಕಿಲಾ.

ಗಂಡ ಅವಳನ್ನು ನೋಡಿದ. ಬೈಯಲಿಲ್ಲ. ಮಗಳ ಕಡೆ ತಿರುಗಿದ.

"ನನಗೇನೂ ಹಂಗೆ ಅನಿಸ್ತಿಲ್ಲಪ್ಪಾ," ಎಂದಳು ಧರಣಿ. "ಮಂಕು. ನೀನು ಮಾಡಿದ್ದೇ ನನಗೆ ಬೇಕು. ಅದನ್ನ ಇನ್ನೊಂದು ಸಲ ಮಾಡಿಕೊಡು."

"ಅದು ಹಾಕ್ಕೊಂಡು ಕೇಳಿದರೆ ಉಳಿದದ್ದೂ ಹೋಗ್ತದಂತೆ ಅಮ್ಮಿಣಿ. ಡಾಕ್ಟರು ಹೇಳಿದರಲ್ಲ."

ಅವಳು ಮೊಣಕಾಲ ಮೇಲೆ ಗಲ್ಲವಿಟ್ಟು ಕೂತಳು. ಗೋಕಿಲಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ಮಗಳು ಆ ಕೈಯನ್ನು ತೆಗೆಯಲಿಲ್ಲ. ಅಷ್ಟು ಒಳ್ಳೆಯ ಹುಡುಗಿಯಾಗಿರದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

ಹಾಡು ಮೇಲಕ್ಕೆ ಹೋಯಿತು, ಇಳಿಯಿತು. ಗಂಡಸರ ದನಿ ನಿಂತಿತು. ಹೆಂಗಸರ ದನಿಯೂ ಸಣ್ಣಗಾಗುತ್ತ ಹೋಗಿ ಇಲ್ಲವಾಯಿತು. ಶೆಡ್ಡು ನಿಶ್ಶಬ್ದವಾಯಿತು. ತಿರುಮೂರ್ತಿ ನಿಟ್ಟುಸಿರು ಬಿಟ್ಟು ಪೆಟ್ಟಿಗೆಯ ಗುಂಡಿಯ ಕಡೆ ಕೈ ಚಾಚಿದ.

"ಇಲ್ಲಪ್ಪಾ," ಎಂದಳು ಧರಣಿ, ಫೋನು ನೋಡುತ್ತ. "ಮುಗಿದಿಲ್ಲ. ಇನ್ನೂ ಅದೆ."

ಫೋನಿನಲ್ಲಿ ಹಾಡಿನ ಗೆರೆ ಇನ್ನೂ ಮುಂದಕ್ಕೆ ಸರಿಯುತ್ತಿತ್ತು. ನಲವತ್ತು ಸೆಕೆಂಡು ಬಾಕಿ ಇತ್ತು. ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಗೋಕಿಲಾ ಹತ್ತಿರಕ್ಕೆ ಸರಿದಳು. ಆ ಗೆರೆ ತುದಿ ಮುಟ್ಟುವವರೆಗೆ, ತಲೆ ಬಗ್ಗಿಸಿ, ಮೂವರೂ ಅದನ್ನೇ ನೋಡುತ್ತ ಕೂತಿದ್ದರು.